ಮೇಜರ್ ಸಾಹೇಬರಿಗೆ ಹೇಳಿ ಹೋಗುವುದು

ವಿರೂಪಣ್ಣನ ನಾಯಿ ಜರ್ಮನಿಯದಲ್ಲ, ಪೆಟ್ಟಿಗೆ ಜರ್ಮನಿಯದು. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ವರ್ಷ ರಾಯಚೂರಿನ ನಮ್ಮ ಓಣಿಯಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಾಗಿ, ಒಂದು ಪಕ್ಷದ ಹೆಂಗಸರು ಇನ್ನೊಂದು ಪಕ್ಷದ ಮನೆಯಿಂದ ಮೊಸರಿಗೆ ಹೆಪ್ಪು ತರುವುದನ್ನೂ ಬಿಟ್ಟಿದ್ದರು.

ಶಕ್ತಿನಗರದಲ್ಲಿ ವಿದ್ಯುತ್ ಕೇಂದ್ರ ಕಟ್ಟುತ್ತಿದ್ದ ದಿನಗಳವು. ಅಲ್ಲಿನ ಒಬ್ಬ ಇಂಜಿನಿಯರಿಗೆ ದೂರದ ಊರಿಗೆ ವರ್ಗವಾಯಿತು. ವಿರೂಪಣ್ಣ ನಮ್ಮೂರ ಲಾರಿ ಆಫೀಸಿನಲ್ಲಿ ಗುಮಾಸ್ತ. ಅವನೇ ನಿಂತು ಅವರ ಸಾಮಾನೆಲ್ಲ ಲಾರಿಗೆ ಏರಿಸಿಕೊಟ್ಟ. ಎಲ್ಲ ಏರಿದ ಮೇಲೆ ನಾಯಿಗೆ ಜಾಗವಿಲ್ಲವೆಂದು ಗೊತ್ತಾಯಿತು. ಇಂಜಿನಿಯರು ಬಹಳ ಪ್ರೀತಿಯಿಂದ ವಿರೂಪಣ್ಣನ ಕೈ ಹಿಡಿದು, "ನಿಮ್ಮಂಥವರ ಹತ್ತಿರ ಇರಬೇಕಾದ ಪ್ರಾಣಿ ಇದು" ಎಂದರು. ವಿರೂಪಣ್ಣನಿಗೆ ಜೀವಮಾನದಲ್ಲಿ ಯಾರೂ ಅಂಥ ಮಾತು ಹೇಳಿರಲಿಲ್ಲ. ನಾಯಿಯನ್ನೂ ಅದರ ಪೆಟ್ಟಿಗೆಯನ್ನೂ ಕೈಗಾಡಿಯ ಮೇಲೆ ಹೇರಿಕೊಂಡು ಓಣಿಯೊಳಗೆ ಬಂದ.

ಪೆಟ್ಟಿಗೆ ಯಾವುದೋ ಯಂತ್ರದ ಬಿಡಿಭಾಗ ತುಂಬಿಕೊಂಡು ಹಡಗಿನಲ್ಲಿ ಬಂದದ್ದು. ಮುಂದೆ ಸರಳಿನ ಬಾಗಿಲು ಕೂರಿಸಿದ್ದರು. ಪಕ್ಕದಲ್ಲಿ ಗಾಜಿನ ಲೋಟದ ಚಿತ್ರ, ಮೇಲ್ಮುಖವಾದ ಬಾಣ, ಯಾರಿಂದಲೂ ಓದಲಾಗದ ದಪ್ಪ ಅಕ್ಷರ. ನಾಯಿಯ ಹೆಸರು ಮೇಜರ್. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದದ್ದು. ಬಾಲ ನಮ್ಮ ಓಣಿಯ ನಾಯಿಗಳ ಬಾಲ ಯಾವ ಕಡೆಗೆ ಸುತ್ತಿಕೊಂಡಿದೆಯೋ ಅದೇ ಕಡೆಗೆ ಸುತ್ತಿಕೊಂಡಿತ್ತು.

"ಜರ್ಮನಿ ಮಾಲು," ಎಂದು ವಿರೂಪಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಕೈ ಪೆಟ್ಟಿಗೆಯ ಮೇಲಿರುತ್ತಿತ್ತು, ಕಣ್ಣು ನಾಯಿಯ ಮೇಲಿರುತ್ತಿತ್ತು. ಹಾಗಾಗಿ ಅವನು ಸುಳ್ಳು ಹೇಳಿದನೆಂದು ಹಿಡಿಯುವುದು ಕಷ್ಟ.

ಅವನಿದ್ದದ್ದು ಬುರ್ಹಾನುದ್ದೀನ್ ಸಾಹೇಬರ ಮನೆಯ ಕೆಳಗಿನ ಭಾಗದಲ್ಲಿ, ಬಾಡಿಗೆಗೆ. ಸಾಹೇಬರು ಕೋರ್ಟಿನಲ್ಲಿ ನಾಜರ್ ಆಗಿದ್ದು ನಿವೃತ್ತರಾದವರು. ಹೆಂಡತಿ ಸುಗ್ರಾ ಬೇಗಂ ಜೊತೆ ಮಾಳಿಗೆಯ ಮೇಲಿದ್ದರು. ಕೆಳಗಿನ ಅಂಗಳದಲ್ಲಿ ಒಂದು ನಳವಿತ್ತು. ಸ್ವಂತ ನಳ. ಬೇಸಗೆಯ ರಾಯಚೂರಿನಲ್ಲಿ ಇದರ ಅರ್ಥ ಏನೆಂದು ಬೇರೆ ಊರಿನವರಿಗೆ ತಿಳಿಸುವುದು ಸಾಧ್ಯವಿಲ್ಲ. ವಿರೂಪಣ್ಣನ ಹೆಂಡತಿ ಬಸವಂತಮ್ಮ ಅದಕ್ಕೆ ಮೊದಲು ಬೀದಿ ನಳದ ಸಾಲಿನಲ್ಲಿ ನಿಂತು, ಕೊಡಕ್ಕೆ ಕೊಡ ತಾಗಿಸಿ ಜಗಳಾಡಿ, ಗಂಟಲು ಶಾಶ್ವತವಾಗಿ ಕೆಡಿಸಿಕೊಂಡಿದ್ದಳು. ಈ ಮನೆಗೆ ಬಂದ ದಿನ ದೇವರ ಗೂಡಿಗಿಂತ ಮೊದಲು ನಳಕ್ಕೆ ಕುಂಕುಮ ಹಚ್ಚಿದಳು. ಗಂಡನಿಗೆ ಅವಳು ಹೇಳಿಟ್ಟಿದ್ದ ಮಾತು ಒಂದೇ: "ಈ ಮನಿ ಬಿಡಸಿದ್ರ ನಾ ಸೀದಾ ದೇವದುರ್ಗಕ್ಕ. ನಮ್ಮಪ್ಪನ ಮನ್ಯಾಗ ಬಾವಿ ಅದ."

ಮೇಜರ್ ಬಂದ ದಿನವೇ ಸುಗ್ರಾ ಬೇಗಂ ಅವರ ಕೋಳಿಗಳನ್ನು ಓಡಿಸಿ ಬೇವಿನ ಮರ ಹತ್ತಿಸಿತು. ಅದರಲ್ಲೊಂದು ಕೋಳಿ ಎರಡು ದಿನ ಕೆಳಗಿಳಿಯಲಿಲ್ಲ. ಸಾಹೇಬರು ಕರಾರು ಹಾಕಿದರು: ವಿರೂಪಣ್ಣ ಹೊರಗೆ ಹೋದಾಗ ಮೇಜರ್ ಪೆಟ್ಟಿಗೆಯೊಳಗೆ. ವಿರೂಪಣ್ಣ ಸಂತೋಷದಿಂದ ಒಪ್ಪಿದ. ಜರ್ಮನಿಯಲ್ಲಿ ನಾಯಿಗಳನ್ನು ಇಡುವುದೇ ಹಾಗೆ ಎಂದೂ ಹೇಳಿದ.

ತೊಂದರೆ ಶುರುವಾದದ್ದು ಅಲ್ಲಿಂದ. ಬೆಳಿಗ್ಗೆ ಮೇಜರನ್ನು ಪೆಟ್ಟಿಗೆಗೆ ಹಾಕಿ, ಚಿಲಕ ಸರಿಸಿ, "ಮೇಜರ್, ಬರ್ತೀನಿ" ಎಂದು ಹೇಳಿ ಹೊರಡುತ್ತಿದ್ದ. ಮೂಲೆಯ ಟೇಲರ್ ಅಂಗಡಿ ದಾಟುವವರೆಗೆ ಮೇಜರ್ ಸುಮ್ಮನಿರುತ್ತಿತ್ತು. ದಾಟಿದ ಕೂಡಲೇ ಬೊಗಳಲು ಹಿಡಿಯುತ್ತಿತ್ತು. ಸಂಜೆ ಅವನು ಬರುವವರೆಗೆ ಬೊಗಳುತ್ತಿತ್ತು. ಬಸವಂತಮ್ಮ ಎದುರಿಗೇ ಕೂತು ಜೋಳ ಹಸನು ಮಾಡುತ್ತಿದ್ದರೂ ಅವಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಬುರ್ಹಾನುದ್ದೀನ್ ಸಾಹೇಬರಿಗೆ ಮಧ್ಯಾಹ್ನ ಮಲಗುವ ರೂಢಿ. ಸರ್ವೀಸಿನುದ್ದಕ್ಕೂ ಕೋರ್ಟಿನಲ್ಲಿ ವಕೀಲರ ಗದ್ದಲದ ನಡುವೆ ನಿದ್ದೆ ಮಾಡಿದವರು ಈಗ ಸ್ವಂತ ಮನೆಯಲ್ಲಿ ಕಣ್ಣು ಮುಚ್ಚಲಾರದೆ ಹೋದರು. ಒಂದು ಸಂಜೆ ಮೆಟ್ಟಿಲ ಮೇಲೆ ನಿಂತು ವಿರೂಪಣ್ಣನನ್ನು ಕರೆದರು.

"ವಿರೂಪಣ್ಣ, ನಿಮ್ಮ ಮೇಜರ್ ಸಾಬ್‌ಗೆ ಜರಾ ಸಮಜಾಯಿಸ್ರಿ. ಈ ತಿಂಗಳು ನೋಡ್ತೀನಿ. ಆಮ್ಯಾಲ ಈ ಮನ್ಯಾಗ ಅವರರ ಇರಬೇಕು, ನಾನರ ಇರಬೇಕು. ನಾನಂತೂ ಹೋಗಂಗಿಲ್ಲ, ಮನಿ ನಂದು. ಅವರು ಹೋಗಬೇಕಂದ್ರ ನೀವೂ ಸಾಥ್ ಹೋಗ್ತೀರಿ."

ಬಸವಂತಮ್ಮ ಒಳಗಿನಿಂದ ಇದನ್ನು ಕೇಳಿದಳು. ಆ ರಾತ್ರಿ ಊಟಕ್ಕೆ ಬಡಿಸುವಾಗ ರೊಟ್ಟಿಯನ್ನು ತಟ್ಟೆಗೆ ಇಡಲಿಲ್ಲ, ಎಸೆದಳು.

ವಿರೂಪಣ್ಣ ದನದ ದವಾಖಾನೆಯ ಕಂಪೌಂಡರ್ ಅಬ್ದುಲ್ ವಹೀದ್ ಹತ್ತಿರ ಹೋದ. ವಹೀದ್ ಎಲ್ಲ ಕೇಳಿಕೊಂಡು, "ಮೆಲುಕು ಹಾಕ್ತದೇನು?" ಎಂದು ಕೇಳಿದ. ಇಲ್ಲವೆಂದಾಗ ಬಹಳ ಹೊತ್ತು ಯೋಚಿಸಿ, "ಹಂಗಾದ್ರ ಮನಸಿಗೆ ಸಂಬಂಧಪಟ್ಟದ್ದು" ಎಂದ. ಮಾಲೀಕನ ಮೈವಾಸನೆಯ ಬಟ್ಟೆ ಪೆಟ್ಟಿಗೆಯಲ್ಲಿಡಬೇಕಂತೆ. ವಿರೂಪಣ್ಣ ಬನಿಯನ್ ಇಟ್ಟ. ಮೇಜರ್ ಅದನ್ನು ತಿಂದಿತು. ಲುಂಗಿ ಇಟ್ಟ, ಅದನ್ನು ಸುತ್ತಿಕೊಂಡು ಬೊಗಳಿತು. ರೇಡಿಯೋ ಹಚ್ಚಿಟ್ಟ. ಅದರಲ್ಲಿ ರೈತರಿಗೆ ಸಲಹೆ ಕೊಡುವವರು ಹೇಳಿದ ಒಂದೊಂದು ಮಾತಿಗೂ ಮೇಜರ್ ಎದುರುತ್ತರ ಕೊಟ್ಟಿತು. ಕೊನೆಗೆ ಪೆಟ್ಟಿಗೆ ಮುಚ್ಚುವಷ್ಟು ದೊಡ್ಡ ಬಟ್ಟೆ ಹೊದಿಸಿ ಕತ್ತಲೆ ಮಾಡಲು ವಹೀದ್ ಹೇಳಿದ. ಅಷ್ಟು ಅಗಲದ ಬಟ್ಟೆ ಅಂಗಡಿಯಲ್ಲಿ ಉಳಿದಿದ್ದದ್ದು ಕಾವಿ ಬಣ್ಣದ್ದು ಮಾತ್ರ. ವಿರೂಪಣ್ಣ ಅದನ್ನೇ ಹರಿಸಿಕೊಂಡು ಬಂದು ಹೊದಿಸಿದ. ಇಷ್ಟು ದಿನ ಬೇಸರಕ್ಕೆ ಬೊಗಳುತ್ತಿದ್ದ ಮೇಜರ್ ಈಗ ರಾತ್ರಿಯಾಯಿತೆಂದು ತಿಳಿದು ಕರ್ತವ್ಯಕ್ಕೆ ಬೊಗಳಿತು. ಬಟ್ಟೆಯನ್ನು ಮಡಚಿ ಪೆಟ್ಟಿಗೆಯ ಮೇಲಿಟ್ಟ.

ಹೀಗಿರಲು ಒಂದು ಬೆಳಿಗ್ಗೆ ಬಸವಂತಮ್ಮನ ಹೊಸ ಚಪ್ಪಲಿಯ ಅರ್ಧ ಭಾಗ ನಳದ ಕೆಳಗೆ ಸಿಕ್ಕಿತು.

"ಇವತ್ತ ಅದರ ಹೋಗಬೇಕು, ನೀವರ ಹೋಗಬೇಕು," ಎಂದಳು ಅವಳು.

"ನಾನೇ ಹೋಗ್ತೀನಿ ತಗಿ," ಎಂದ ವಿರೂಪಣ್ಣ. ಮೇಜರನ್ನು ಪೆಟ್ಟಿಗೆಗೆ ಹಾಕಿ, ಅಂಗಳದಲ್ಲಿ ನಿಂತು ಇನ್ನೊಮ್ಮೆ, ಮೇಲಿನವರಿಗೂ ಕೇಳುವ ಹಾಗೆ, "ಹೋಗ್ತೀನಿ" ಎಂದು ಚಹಾವನ್ನೂ ಕುಡಿಯದೆ ಹೊರಟುಬಿಟ್ಟ.

ಟೇಲರ್ ಅಂಗಡಿ ದಾಟಿದ ಮೇಲೆ ರೂಢಿಯಂತೆ ಕಿವಿಗೊಟ್ಟು ನಿಂತ. ಸದ್ದಿಲ್ಲ. ನಾಯಿ ಸತ್ತಿರಬೇಕೆಂದು ಗಾಬರಿಯಾಗಿ ತಿರುಗಿ ಬಂದು ಗೇಟಿನ ಸಂದಿಯಿಂದ ನೋಡಿದ. ಮೇಜರ್ ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗಿತ್ತು. ಸಂಜೆಯವರೆಗೆ ಒಂದು ಸಲವೂ ಬಾಯಿ ತೆರೆಯಲಿಲ್ಲವೆಂದು ಬಸವಂತಮ್ಮ ಸಿಟ್ಟಿನಲ್ಲಿದ್ದೂ ಹೇಳಿದಳು. ಮರುದಿನ "ಬರ್ತೀನಿ" ಎಂದು ಹೋದ, ಬೊಗಳಿತು. ಅದರ ಮರುದಿನ "ಹೋಗ್ತೀನಿ" ಎಂದು ಹೋದ; ಮಲಗಿತು.

ಇಲ್ಲಿ ನಾವೆಲ್ಲ ಸ್ವಲ್ಪ ತಲೆ ತಗ್ಗಿಸಬೇಕಾದ ವಿಷಯವಿದೆ. ಕನ್ನಡ ಮಾತಾಡುವ ಜನ ಎಷ್ಟು ತಲೆಮಾರುಗಳಿಂದ ಬಾಗಿಲಲ್ಲಿ ನಿಂತು, ಹೊರಗೆ ಹೋಗುತ್ತ, "ಬರ್ತೀನಿ" ಎಂದು ಹೇಳುತ್ತ ಬಂದಿದ್ದೇವೆ. ಪಕ್ಕದ ತೆಲುಗರು ಹಾಗೇ ಹೇಳುತ್ತಾರೆ, ಸಾಹೇಬರ ಮನೆಯಲ್ಲೂ ಹಾಗೇ ಹೇಳುತ್ತಾರೆ. ಹೋಗುವವನು ಹೋಗುತ್ತೇನೆ ಎಂದರೆ ಹೋಗಿಯೇ ಬಿಟ್ಟಾನು ಎಂಬ ಹೆದರಿಕೆ ನಮಗೆ. ಆದರೆ ಮೇಜರಿಗೆ ಯಾರೂ ಇದನ್ನು ಹೇಳಿರಲಿಲ್ಲ. ಬರ್ತೀನಿ ಅಂದವನು ಬರುತ್ತಾನೆಂದು ಅದು ಕಾದಿತು, ಬರಲಿಲ್ಲವೆಂದು ಕೇಳಿತು. ಹೋಗ್ತೀನಿ ಅಂದರೆ ವಿಷಯ ತಿಳಿಯಿತೆಂದು ಮಲಗಿತು. ಇದರಲ್ಲಿ ನಾಯಿಯ ತಪ್ಪೇನೂ ನನಗೆ ಕಾಣುವುದಿಲ್ಲ.

ಬಸವಂತಮ್ಮನಿಗೆ ಮಾತ್ರ ಇದು ಸಹಿಸದಾಯಿತು. ಗಂಡ ಹೊಸ್ತಿಲಲ್ಲಿ ನಿಂತು "ಹೋಗ್ತೀನಿ" ಅಂದ ಕೂಡಲೇ ಓಡಿಬಂದು ಅಂಗಿ ಹಿಡಿದು ಒಳಗೆಳೆದಳು. "ಬಾಯಾಗ ಏನ್ ಮಾತದು. ಕೂಡ್ರಿ. ನೀರು ಕುಡೀರಿ. ಈಗ ಸರಿಯಾಗಿ ಹೇಳಿ ಹೊರಡ್ರಿ." ವಿರೂಪಣ್ಣ ಕೂತು, ನೀರು ಕುಡಿದು, "ಬರ್ತೀನಿ" ಎಂದ. ಪೆಟ್ಟಿಗೆಯೊಳಗೆ ಒಂದು ಕಿವಿ ಎದ್ದು ನಿಂತಿತು. ಆ ದಿನ ಸಾಹೇಬರು ಮಾಳಿಗೆಯಿಂದ ಒಂದು ಚೊಂಬು ಕೆಳಗೆ ಎಸೆದರು.

ಗಂಡ ಹೆಂಡತಿ ಕೂತು ಒಂದು ಒಪ್ಪಂದಕ್ಕೆ ಬಂದರು. ಅಂಗಳದಲ್ಲಿ ನಿಂತು ನಾಯಿಗೆ ಗಟ್ಟಿಯಾಗಿ ಹೇಳುವುದು. ನಂತರ ಗೇಟಿನ ಹೊರಗೆ ಹೋಗಿ ಹೆಂಡತಿಯ ಕಡೆ ತಿರುಗಿ, ಬಾಯಿ ಬಿಡದೆ, ಅಂಗೈಯನ್ನು ಒಮ್ಮೆ ಆಚೆಗೆ ಒಮ್ಮೆ ಈಚೆಗೆ ಆಡಿಸಿ, ಹೋಗಿ ಬರುತ್ತೇನೆಂದು ತಿಳಿಸುವುದು. ಉತ್ಸಾಹದಲ್ಲಿ ವಿರೂಪಣ್ಣ ಇನ್ನೊಂದು ಮಾತು ಸೇರಿಸಿದ. ಹಾಗಾಗಿ ಅಂದಿನಿಂದ ದಿನಾ ಬೆಳಿಗ್ಗೆ ನಮ್ಮ ಓಣಿ ಕೇಳಿದ್ದು ಇದು: "ನಾ ಹೋಗ್ತೀನಿ. ಇನ್ನ ಬರಂಗಿಲ್ಲ." ಆಮೇಲೆ ಓಣಿ ನೋಡಿದ್ದು, ಹೊರಗೆ ನಿಂತ ಗಂಡ ಮಾತಿಲ್ಲದೆ ಕೈಯಾಡಿಸುವುದು, ಒಳಗೆ ನಿಂತ ಹೆಂಡತಿ ಮಾತಿಲ್ಲದೆ ತಲೆಯಾಡಿಸುವುದು.

ಎದುರು ಮನೆಯ ಗೋಪಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು. "ಯಾಕ ಬಸವಂತಮ್ಮ, ನಿನ್ನ ಗಂಡ ದಿನಾ ಹಂಗ್ಯಾಕ ಅಂತಾನ?"

"ನಾಯಿಗೆ ಅಂತಾರವ್ವಾ."

ಗೋಪಮ್ಮ ಬಹಳ ಕನಿಕರದಿಂದ ಅವಳ ಕೈ ಹಿಡಿದಳು. "ನಾಯಿಗೆ ಯಾರರ ಹೇಳಿ ಹೋಗ್ತಾರೇನವ್ವಾ. ಮರ್ಯಾದಿಗೆ ಅಂಜಿ ನೀ ಹಂಗಂತಿ. ಅನ್ನು. ನಾ ಯಾರ ಮುಂದೂ ಹೇಳಂಗಿಲ್ಲ."

ಮಗಳ ಬಾಣಂತನಕ್ಕೆಂದು ಗೋಪಮ್ಮ ಅದೇ ವಾರ ದೇವದುರ್ಗದ ಬಸ್ಸು ಹತ್ತಿದಳು. ಅವಳು ಯಾರ ಮುಂದೂ ಹೇಳಲಿಲ್ಲ, ಪಕ್ಕದಲ್ಲಿ ಕೂತವಳೊಬ್ಬಳಿಗೆ ಬಿಟ್ಟು. ಕಲ್ಮಲದಲ್ಲಿ ಬಸ್ಸು ನಿಂತಾಗ ವಿರೂಪಣ್ಣ ಮನೆ ಬಿಟ್ಟು ಹೋಗುತ್ತೇನೆಂದು ಅನ್ನುತ್ತಿದ್ದ. ಗಬ್ಬೂರು ದಾಟುವಾಗ ಕಾವಿ ಬಟ್ಟೆ ತಂದಿಟ್ಟಿದ್ದ. ದೇವದುರ್ಗದಲ್ಲಿ ಇಳಿಯುವಷ್ಟರಲ್ಲಿ ತಲೆ ಬೋಳಿಸಿಕೊಂಡು ಮಠ ಸೇರಲು ದಿನ ಗೊತ್ತು ಮಾಡಿದ್ದ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲೇ ಬಸವಂತಮ್ಮನ ತಂದೆ ಗಡಿಗೆಪ್ಪನವರ ಮನೆ.

ಇತ್ತ ಮಾಳಿಗೆಯ ಮೇಲೆ ಬುರ್ಹಾನುದ್ದೀನ್ ಸಾಹೇಬರು ಮೊದಲೆರಡು ದಿನ ಬರೀ ನಿದ್ದೆ ಮಾಡಿದರು. ಮೂರನೆಯ ದಿನ ನಿದ್ದೆ ತೀರಿ, ಕೆಳಗಿನ ಮಾತು ಕಿವಿಗೆ ಬಿತ್ತು. ಕೋರ್ಟಿನಲ್ಲಿ ಬದುಕು ಸವೆಸಿದವರು ಅವರು. ಮನುಷ್ಯ ಗಟ್ಟಿಯಾಗಿ ಆಡಿದ್ದೆಲ್ಲ ಅವರ ಪ್ರಕಾರ ಬಯಾನು, ಅಂದರೆ ಹೇಳಿಕೆ.

"ಸುಗ್ರಾ, ಕೇಳಿದಿ? ಹೋಗ್ತೀನಿ, ಬರಂಗಿಲ್ಲ ಅಂತ ಬಯಾನ್ ಕೊಡಾಕತ್ತಾನ. ಮನಿ ಖಾಲಿ ಮಾಡ್ತಾನ. ಶರೀಫ್ ಆದ್ಮಿ, ಜಗಳಿಲ್ಲ, ತಕರಾರಿಲ್ಲ."

"ಪಾಪ," ಎಂದರು ಸುಗ್ರಾ ಬೇಗಂ, ಕೋಳಿಗಳ ಕಡೆ ನೋಡುತ್ತ.

ಸಾಹೇಬರು ಮಾನ್ವಿಯ ಮಹಾಂತಯ್ಯನಿಗೆ ಹೇಳಿ ಕಳಿಸಿದರು. ಮಹಾಂತಯ್ಯ ಅಕ್ಕಿ ಗಿರಣಿಯವರ ದಲ್ಲಾಳಿ. ರಾಯಚೂರಿನಲ್ಲಿ ನಳವಿರುವ ಮನೆಗಾಗಿ ಬಹಳ ದಿನದಿಂದ ಕಾದಿದ್ದ. ಆದರೂ ಖಚಿತ ಮಾಡಿಕೊಳ್ಳೋಣವೆಂದು ಸಾಹೇಬರು ಮೆಟ್ಟಿಲ ಬಳಿ ವಿರೂಪಣ್ಣನನ್ನು ನಿಲ್ಲಿಸಿದರು.

"ಅಂತೂ ಗಟ್ಟಿ ಮನಸು ಮಾಡಿದ್ರಿ."

"ಮಾಡಿದ್ನಿರಿ. ದಿನಾ ಅನ್ನಾಕತ್ತೀನಿ."

"ದಿನಾ ಕೇಳಾಕತ್ತೀನಿ. ಇಷ್ಟು ಸಲೀಸಾಗಿ ಮುಗೀತದ ಅಂತ ನಾ ತಿಳಿದಿದ್ದಿಲ್ಲ."

"ನಾನೂ ತಿಳಿದಿದ್ದಿಲ್ರಿ ಸಾಹೇಬ್ರ. ಒಂದು ಮಾತಿನಾಗ ಮುಗೀತು."

"ನಿಮ್ಮ ಮನಿಯವರು ಒಪ್ಪಿದ್ರೇನು?"

"ಮೊದಲು ಅಂಗಿ ಹಿಡಿದು ಜಗ್ಗಿದ್ಲು. ಈಗ ಕೈಯಾಡಿಸಿದ್ರ ಸುಮ್ನಾಗ್ತಾಳ."

"ಹಂಗಾದ್ರ ಈ ಇತ್ವಾರ, ಐತವಾರ?"

"ಐತವಾರ ರಜಾ ಅಲ್ಲೇನ್ರಿ. ಅವತ್ತ ಅನ್ನೋ ಕೆಲಸ ಇಲ್ಲ."

ರಜೆಯ ದಿನವೇ ಅನುಕೂಲವೆಂದು ಸಾಹೇಬರು ಅರ್ಥ ಮಾಡಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡು ಬೇರೆಯಾದರು. ನೆತ್ತಿ ಸುಡುವ ಬಿಸಿಲೆಂದು ವಿರೂಪಣ್ಣ ಶನಿವಾರ ಕ್ಷೌರಿಕನ ಬಳಿ ಹೋಗಿ ಕೂದಲನ್ನು ಬುಡದವರೆಗೆ ತೆಗೆಸಿಕೊಂಡು ಬಂದ. ಬಸವಂತಮ್ಮ ಪೆಟ್ಟಿಗೆಯ ಬಟ್ಟೆಯನ್ನು ಒಗೆದು ಅಂಗಳದ ಹಗ್ಗಕ್ಕೆ ಹಾಕಿದಳು.

ಐತವಾರ ಬೆಳಿಗ್ಗೆ ದೇವದುರ್ಗದ ಮೊದಲ ಬಸ್ಸಿಗೆ ಗಡಿಗೆಪ್ಪನವರೂ ಅವರ ಹೆಂಡತಿ ಮಹಾಂತಮ್ಮನೂ ಬಂದಿಳಿದರು. ಗೇಟು ತೆರೆದವರಿಗೆ ಮೊದಲು ಕಂಡದ್ದು ಗಾಳಿಗೆ ಹಾರಾಡುವ ಕಾವಿ ಬಟ್ಟೆ. ಆಮೇಲೆ ಕಂಡದ್ದು ಅದರ ಹಿಂದಿನಿಂದ ಇಣುಕಿದ ಅಳಿಯನ ಬೋಳು ತಲೆ. ಮಹಾಂತಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಮಗಳನ್ನು ತಬ್ಬಿಕೊಂಡರು.

"ನನ್ನ ಮಗಳು ನಿನಗ ಏನ್ ಕಡಿಮಿ ಮಾಡಿದ್ಲಪ್ಪಾ," ಎಂದರು ಗಡಿಗೆಪ್ಪನವರು. ಸಿಟ್ಟು ಮಾಡಬೇಕೆಂದು ದಾರಿಯುದ್ದಕ್ಕೂ ತಯಾರಾಗಿ ಬಂದವರು ಆ ತಲೆ ನೋಡಿ ಅತ್ತೇಬಿಟ್ಟರು.

"ಮಾವಾ, ಆ ಬಟ್ಟಿ ನಾಯಿದ್ರಿ."

"ನಾಯಿಗೂ ದೀಕ್ಷಾ ಕೊಡಸೀಯೇನು?"

ವಿರೂಪಣ್ಣ ಮೊದಲಿನಿಂದ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಂದು ಲಾರಿ ಹಿಂದುಹಿಂದಾಗಿ ಬರಲು ಹತ್ತಿತು. ಮಂಚ, ಬೀರು, ಬೀಸುವ ಕಲ್ಲು, ಅದರ ಮೇಲೆ ಹಾಸಿಗೆ ಸುರುಳಿ, ಸುರುಳಿಯ ಮೇಲೆ ಮಹಾಂತಯ್ಯನ ತಾಯಿ ಮಾನಮ್ಮ. ಮಹಾಂತಯ್ಯ ಕೆಳಗೆ ಜಿಗಿದು ಒಳಗೆ ಇಣುಕಿದ.

"ಇನ್ನೂ ಖಾಲಿ ಮಾಡಿಲ್ಲೇನ್ರಿ? ಐತವಾರ ಅಂದಿದ್ರಂತ?"

ಬಸವಂತಮ್ಮನಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ಅಮ್ಮನ ಕೈ ಬಿಡಿಸಿಕೊಂಡು ಓಡಿಹೋಗಿ ನಳದ ಕಂಬ ಹಿಡಿದು ನಿಂತಳು.

ಬುರ್ಹಾನುದ್ದೀನ್ ಸಾಹೇಬರು ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು ಕೆಳಗಿಳಿದು ಬಂದರು. ವಿರೂಪಣ್ಣ ಅವರ ಮುಂದೆ ಕೈಮುಗಿದು, ನಾಯಿಯ ಕಥೆಯನ್ನೂ ಬರ್ತೀನಿಯ ಕಥೆಯನ್ನೂ ಹೋಗ್ತೀನಿಯ ಕಥೆಯನ್ನೂ ಹೇಳಿದ. ಸಾಹೇಬರು ಕೋರ್ಟಿನಲ್ಲಿ ಬಹಳ ಜನರ ಕಥೆ ಕೇಳಿದವರು.

"ವಿರೂಪಣ್ಣ, ನೀವು ದಿನಾ ಅಂದೀರಿ. ನಾ ಕೇಳೀನಿ, ಓಣಿ ಕೇಳ್ಯದ. ಈಗ ಲಾರಿ ಬಂದ ಮ್ಯಾಲ ನಾಯಿಗೆ ಅಂದೆ ಅಂದ್ರ ಹ್ಯಾಂಗ? ನಾಯಿಗೆ ಹೇಳಿ ಹೋಗೋ ಮನುಷ್ಯಾ ಎಲ್ಲರ ಅದಾನೇನು? ಮಾನ್ವಿಯವರಿಗೆ ಜಬಾನ್ ಕೊಟ್ಟೀನಿ, ಮಾತು ತಪ್ಪಂಗಿಲ್ಲ."

ಸಾಕ್ಷಿ ಬೇಕಾದರೆ ನೋಡಿ ಎಂದು ವಿರೂಪಣ್ಣ ಪೆಟ್ಟಿಗೆಯ ಮುಂದೆ ನಿಂತು "ಮೇಜರ್, ಬರ್ತೀನಿ" ಎಂದ. ಐತವಾರ ಅದು ಪೆಟ್ಟಿಗೆಯಲ್ಲಿ ತನ್ನ ಖುಷಿಗೆ ಕೂತದ್ದು, ಬಾಗಿಲು ತೆರೆದೇ ಇತ್ತು. ಅವನು ಟೇಲರ್ ಅಂಗಡಿಯ ಕಡೆ ನಡೆದಾಗ ಮೇಜರ್ ಎದ್ದು ಸದ್ದಿಲ್ಲದೆ ಅವನ ಜೊತೆಗೇ ನಡೆಯಿತು. ಇಬ್ಬರೂ ತಿರುಗಿ ಬಂದರು. ಸಾಹೇಬರು ಹಮಾಲರಿಗೆ ಕೈಸನ್ನೆ ಮಾಡಿದರು.

ಬೀಸುವ ಕಲ್ಲು ಅಂಗಳಕ್ಕೆ ಬಂದು ಕೂತಿತು. ಬಸವಂತಮ್ಮ ನಳ ಹಿಡಿದುಕೊಂಡೇ ಅಳುತ್ತಿದ್ದಳು, ಒಂದಿಷ್ಟೂ ಸದ್ದು ಮಾಡದೆ. ಅಲ್ಲಿಯವರೆಗೆ ನಗುತ್ತ ನಿಂತಿದ್ದ ಓಣಿಯವರಿಗೆ ಅದನ್ನು ನೋಡಿ ಕೆಟ್ಟೆನಿಸಿತು. ಜರ್ಮನಿ ಪಕ್ಷದವರಿಗೂ, ಜರ್ಮನಿ ಅಲ್ಲದ ಪಕ್ಷದವರಿಗೂ.

ಇಬ್ಬರು ಹಮಾಲರು ಮಾನಮ್ಮನನ್ನು ಲಾರಿಯಿಂದ ಇಳಿಸುತ್ತಿದ್ದರು. ಒಂದು ಕಾಲು ನೆಲಕ್ಕೆ ಮುಟ್ಟಿದ ಮೇಲೆ ಮುದುಕಿ ಕೇಳಿದರು, "ಏನಂದ ಅವ? ಏನಂತಿದ್ದ ದಿನಾ?"

"ಏನಿಲ್ಲ ಯವ್ವಾ. ಹೋಗ್ತೀನಿ ಅಂತಿದ್ದನಂತ," ಎಂದ ಮಹಾಂತಯ್ಯ.

"ಹೊಸ್ತಲದಾಗ ನಿಂತು?"

"ಅಂಗಳದಾಗವ್ವಾ," ಎಂದು ವಿರೂಪಣ್ಣ ತಿದ್ದಿದ. "ಹೊಸ್ತಲದಾಗ ಮೊದಲಿನೆರಡು ದಿನ ಅಷ್ಟ."

"ಬರೀ ಹೋಗ್ತೀನಿ ಅಂತಿದ್ದೇನು?"

"ಬರಂಗಿಲ್ಲ ಅಂತನೂ ಅಂತಿದ್ದೆ. ಆದ್ರ ಐತವಾರ ಅಂತಿದ್ದಿಲ್ಲ."

ಮಾನಮ್ಮ ನೆಲಕ್ಕಿಟ್ಟ ಕಾಲನ್ನು ಮೇಲೆತ್ತಿಕೊಂಡರು. "ಹತ್ತಸ್ರೋ ನನ್ನ."

"ಯವ್ವಾ, ನಳ ಅದ ಇಲ್ಲಿ," ಎಂದ ಮಹಾಂತಯ್ಯ.

"ನಳ ಇದ್ರ ನೀ ಕುಡಿ. ಹೋಗ್ತೀನಿ, ಬರಂಗಿಲ್ಲ ಅಂತ ದಿನಾ ಅನಿಸಿಕೊಂಡ ಮನಿ ಇದು. ನೀ ದಂಧೆಕ್ಕಂತ ಊರೂರು ತಿರುಗಾಂವ. ಈ ಮನಿಯಿಂದ ಹೋದಾಂವ ತಿರುಗಿ ಬರಬೇಕೋ ಬ್ಯಾಡೋ?"

ಬುರ್ಹಾನುದ್ದೀನ್ ಸಾಹೇಬರು ಮುಂದೆ ಬಂದರು. ಆಗ ಅವರು ಆಡಿದ ಮಾತು ನಮ್ಮ ಓಣಿ ಮರೆಯುವಂಥದ್ದಲ್ಲ. "ಅಮ್ಮಾ, ತಪ್ಪು ತಿಳಿಬ್ಯಾಡ್ರಿ. ಅದು ನಾಯಿಗೆ ಅಂದದ್ದು. ನಾಯಿಗೆ ಬರ್ತೀನಿ ಅಂದ್ರ ಬೊಗಳತದ. ಅದಕ್ಕಂತ ಹಂಗ ಅಂದಾನ. ನಾ ಖುದ್ದು ಕೇಳೀನಿ."

ಮಾನಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. "ಇಷ್ಟು ವಯಸ್ಸಾಗ್ಯದ. ಬಾಡಿಗಿ ಆಸೆಕ್ಕ ನಾಯಿ ಮ್ಯಾಲ ಹಾಕ್ತೀರಲ್ರಿ."

ಬೀಸುವ ಕಲ್ಲು ಲಾರಿ ಸೇರಿತು. ಮುದುಕಿ ಹಾಸಿಗೆ ಸುರುಳಿ ಸೇರಿದರು. ಈ ಗದ್ದಲದಲ್ಲಿ ಯಾರ ಕೋಳಿಗೂ ತೊಂದರೆಯಾಗದಿರಲೆಂದು ವಿರೂಪಣ್ಣ ಮೇಜರನ್ನು ಪೆಟ್ಟಿಗೆಗೆ ಹಾಕಿ ಚಿಲಕ ಸರಿಸಿದ. ಮಹಾಂತಯ್ಯ ಒಳ್ಳೆಯ ಮನುಷ್ಯ. ಹೋಗುವ ಮೊದಲು ಅಂಗಳದಲ್ಲಿ ನಿಂತು ಎಲ್ಲರಿಗೂ ಕೈಮುಗಿದು, "ಬರ್ತೀನ್ರಿ ನಾಜರ್ ಸಾಹೇಬ್ರ, ಬರ್ತೀನ್ರಿ ಅಕ್ಕಾರ" ಎಂದ. ಲಾರಿ ಟೇಲರ್ ಅಂಗಡಿಯ ಮೂಲೆ ದಾಟಿತು.

ಮೇಜರ್ ಎದ್ದು ನಿಂತು ಬೊಗಳಲು ಶುರುಮಾಡಿತು.

ಎಲ್ಲರೂ ಪೆಟ್ಟಿಗೆಯ ಕಡೆ ತಿರುಗಿದೆವು. ಸಾಹೇಬರು ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅದನ್ನು ಕೇಳಿದರು. ಗಡಿಗೆಪ್ಪನವರು ಸುಮ್ಮನಿರಿಸಲು ಹೋದಾಗ ಕೈ ಅಡ್ಡ ಹಿಡಿದು, "ಬಿಡ್ರಿ, ಬೊಗಳಲಿ," ಎಂದರು. "ಬರ್ತೀನಿ ಅಂದು ಹೋದ್ನಲ್ಲ. ಅದು ಕೇಳೋದು ಬರೋಬರಿ ಅದ."

ಮಾನಮ್ಮ ಮಾನ್ವಿ ಮುಟ್ಟುವ ಮೊದಲೇ ಆ ಮನೆಯ ಸುದ್ದಿ ಮಾನ್ವಿ ಮುಟ್ಟಿತು. ರಾಯಚೂರಿನಲ್ಲಂತೂ ಸಂಜೆಯೊಳಗೆ ಎಲ್ಲರಿಗೂ ತಿಳಿಯಿತು. ದೀಪ ಹಚ್ಚುವ ಹೊತ್ತಿಗೆ ಸಾಹೇಬರು ಕೆಳಗಿಳಿದು ಬಂದು, "ವಿರೂಪಣ್ಣ, ಇನ್ನ ಈ ಮನಿ ಯಾರೂ ಹಿಡಿಯಂಗಿಲ್ಲ. ನೀವೇ ಇರಬೇಕು," ಎಂದರು. ಅದನ್ನು ಅವರು ಬೇಡಿಕೊಂಡ ಹಾಗೆ ಹೇಳಿದ್ದರಿಂದ ವಿರೂಪಣ್ಣನೂ ಸ್ವಲ್ಪ ಯೋಚಿಸಿದ ಹಾಗೆ ಮಾಡಿ ಒಪ್ಪಿಕೊಂಡ.

ಸೋಮವಾರ ಬೆಳಿಗ್ಗೆ ಮೇಜರನ್ನು ಪೆಟ್ಟಿಗೆಗೆ ಹಾಕಿದ ಮೇಲೆ ವಿರೂಪಣ್ಣ ಬಗ್ಗಿ, ಯಾರಿಗೂ ಕೇಳದ ಹಾಗೆ, ಅದರ ನೆಟ್ಟಗಿನ ಕಿವಿಯಲ್ಲಿ "ಹೋಗ್ತೀನಿ" ಎಂದ. ಬಸವಂತಮ್ಮ ನಳದ ಬಳಿ ಕೊಡ ಹಿಡಿದು ಕೂತಿದ್ದಳು.

"ಸಣ್ಣಗ ಯಾಕ ಅಂತೀರಿ?" ಎಂದಳು.

ವಿರೂಪಣ್ಣ ಹೆದರಿ ನೆಟ್ಟಗೆ ನಿಂತ. ಅಂಗಿ ಹಿಡಿದು ಎಳೆದು ನೀರು ಕುಡಿಸುತ್ತಾಳೆಂದು ತಿಳಿದ.

"ಗೇಟಿನಾಗ ನಿಂತು ಅನ್ರಿ. ಮೂಲಿ ತನಕ ಕೇಳಬೇಕು. ಮನಿ ಹುಡುಕ್ಕೊಂತ ಅಡ್ಡಾಡೋ ಮಂದಿ ಭಾಳ ಅದಾರ ಈ ಊರಾಗ."

ವಿರೂಪಣ್ಣ ಗೇಟಿನಲ್ಲಿ ನಿಂತು, "ನಾ ಹೋಗ್ತೀನಿ" ಎಂದು ಕೂಗಿದ.

"ಬರಂಗಿಲ್ಲ ಅನ್ನೋದು ಮರತ್ರಿ," ಎಂದಳು ಬಸವಂತಮ್ಮ, ಇನ್ನೊಂದು ಕೊಡವನ್ನು ನಳದ ಕೆಳಗೆ ಸರಿಸುತ್ತ.